ಒಂದೇ ಮದ್ದು, ಎರಡು ನ್ಯಾಯ

ಮದ್ದೂರಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಏಳು ಗಂಟೆಗೆ ನಿಂತು ನೋಡಿದರೆ ಬಿಳಿಯ ಕೋಟನ್ನು ಮಡಿಚಿ ತೋಳಿನ ಮೇಲೆ ಹಾಕಿಕೊಂಡ ಹೆಣ್ಣುಮಕ್ಕಳು ಬಸ್ಸಿಗಾಗಿ ಕಾದು ನಿಂತಿರುವುದು ಕಾಣುತ್ತದೆ. ಇವರು ನರ್ಸಿಂಗ್ ಓದುವವರು. ಇವರಲ್ಲಿ ಒಬ್ಬಳ ತಂದೆ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು. ಇನ್ನೊಬ್ಬಳ ತಂದೆ ಎಳನೀರು ಮಾರುಕಟ್ಟೆಯಲ್ಲಿ ಕಾಯಿ ಎಣಿಸುವವನು. ಮತ್ತೊಬ್ಬಳ ತಂದೆ ಸಂತೆಯಲ್ಲಿ ಬಟ್ಟೆ ಹರವಿ ಕೂರುವವನು. ಸಾಲ ಮಾಡಿ ಮಗಳನ್ನು ಓದಿಸುತ್ತಿದ್ದಾನೆ. ನಾಳೆ ನಾವು ಕಾಯಿಲೆ ಬಿದ್ದರೆ ನಮ್ಮ ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರು ಇವರೇ. ಆದ್ದರಿಂದ ಇವರು ಏನು ಕಲಿಯುತ್ತಾರೆ, ಏನು ನಂಬುತ್ತಾರೆ ಎಂಬುದು ಕಾಲೇಜಿನ ನಾಲ್ಕು ಗೋಡೆಗಳ ಒಳಗಿನ ಮಾತಲ್ಲ. ದುಡಿದು ತಿನ್ನುವ ಜನರೆಲ್ಲರಿಗೂ ಸೇರಿದ ಮಾತು.

ಈಚೆಗೆ ಇಂಥ ಮೂವರು ವಿದ್ಯಾರ್ಥಿನಿಯರೊಡನೆ ನಾವು ಕುಳಿತು ಮಾತನಾಡಿದೆವು. ಎಚ್.ಐ.ವಿ. ತಗುಲದಂತೆ ಮುಂಚಿತವಾಗಿಯೇ ನುಂಗುವ ಒಂದು ಮಾತ್ರೆ ಇದೆ, ಅದನ್ನು ಬೇಕಾದವರಿಗೆ ಕೊಡುವ ವಿಚಾರದಲ್ಲಿ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದೆವು. ಒಬ್ಬಳು ಅಂಥದೊಂದು ಮಾತ್ರೆ ಇದೆಯೆಂಬುದನ್ನೇ ಕೇಳಿರಲಿಲ್ಲ. ಇನ್ನೊಬ್ಬಳು ಕೇಳಿದ್ದಳು. ಅವಳ ಉತ್ತರ ಹೀಗಿತ್ತು:

"ಕಾಯಿಲೆ ಬಂದವರಿಗೆ ಮದ್ದು ಕೊಡೋದು ಬೇರೆ ಸಾರ್. ಏನೂ ಇಲ್ದೆ ಇರೋವಾಗ್ಲೇ ಮಾತ್ರೆ ಕೊಟ್ಟು ಕಳಿಸೋದು ಅಂದ್ರೆ, ಹೋಗು ತಪ್ಪು ಮಾಡು ಅಂತ ನಾವೇ ಲೈಸೆನ್ಸ್ ಕೊಟ್ಟಂಗಲ್ವಾ?"

ಮೂರನೆಯವಳು ಬಹಳ ಹೊತ್ತು ಸುಮ್ಮನಿದ್ದಳು. ಕಡೆಗೆ ಹೇಳಿದಳು: "ನಾನೂ ಇಪ್ಪತ್ತೆಂಟು ದಿನ ಮಾತ್ರೆ ನುಂಗಿದ್ದೀನಿ ಸಾರ್." ವಾರ್ಡಿನಲ್ಲಿ ಒಂದು ರಾತ್ರಿ ರೋಗಿಯ ರಕ್ತ ತೆಗೆದ ಸೂಜಿ ಅವಳ ಹೆಬ್ಬೆರಳಿಗೆ ಚುಚ್ಚಿತ್ತು. ಹೇಳಿದರೆ ಬೈಗುಳ ಬೀಳುತ್ತದೆಂದು ಮೊದಲು ಬಚ್ಚಿಟ್ಟಳು. ಬೆಳಗಾಗುವ ಹೊತ್ತಿಗೆ ಭಯ ತಡೆಯಲಾರದೆ ಹೇಳಿದಳು. ಆಮೇಲೆ ಮಾತ್ರೆ ಸಿಕ್ಕಿತು. ಅದು ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಅವಳಿಗೆ ಇನ್ನೂ ಪರೀಕ್ಷೆ ಪಾಸಾಗಬೇಕಾಗಿದೆ.

"ಮಾತ್ರೆ ಕೊಡುವ ಮೊದಲು ನಿನ್ನ ನಡತೆ ಹೇಗೆ ಎಂದು ಯಾರಾದರೂ ಕೇಳಿದರೇನಮ್ಮ?" ಎಂದೆವು.

"ಯಾಕ್ ಕೇಳ್ತಾರೆ ಸಾರ್? ನಾನೇನ್ ತಪ್ಪು ಮಾಡ್ದೆ? ಕೆಲಸ ಮಾಡ್ತಿದ್ದೆ."

ಸರಿಯಾದ ಮಾತು. ಯಾರೂ ಕೇಳಕೂಡದು. ಅಪಾಯಕ್ಕೆ ಸಿಕ್ಕಿದ ಮನುಷ್ಯನಿಗೆ ಮದ್ದು ಕೊಡಬೇಕು, ಅಷ್ಟೇ. ನಾವು ಇಂದು ಕೇಳುವ ಪ್ರಶ್ನೆ ಇದೊಂದೇ: ದಾದಿಗೆ ಕೇಳದ ಪ್ರಶ್ನೆಯನ್ನು ಉಳಿದವರಿಗೆ ಏಕೆ ಕೇಳುತ್ತೀರಿ? ಮದ್ದು ಒಂದೇ ಆಗಿರುವಾಗ ನ್ಯಾಯ ಎರಡೇಕೆ?

ಮದ್ದು ಯಾವುದು?

ಓದುಗರಲ್ಲಿ ಅನೇಕರು ಇದರ ಹೆಸರನ್ನು ಕೇಳಿರಲಾರರು. ಆದ್ದರಿಂದ ವಿಷಯವನ್ನು ಮೊದಲು ಬಿಡಿಸಿ ಹೇಳುತ್ತೇವೆ.

ಎಚ್.ಐ.ವಿ. ಸೋಂಕು ತಗುಲಬಹುದಾದ ಸಂದರ್ಭಕ್ಕೆ ಮುಂಚೆಯೇ ನುಂಗುವ ಮಾತ್ರೆಗೆ ವೈದ್ಯರ ಭಾಷೆಯಲ್ಲಿ 'ಪ್ರೆಪ್' ಎಂದು ಹೆಸರು. ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಬಿನ್ ಎಂಬ ಎರಡು ಔಷಧಿಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿರುತ್ತಾರೆ. ಅಮೆರಿಕದಲ್ಲಿ 2012ರಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಸೋಂಕಿನ ಅಪಾಯ ಹೆಚ್ಚಾಗಿರುವ ಯಾರಿಗೇ ಆಗಲಿ ಇದನ್ನು ಕೊಡಬೇಕೆಂದು ಸಲಹೆ ಮಾಡಿತು. ನಮ್ಮ ದೇಶದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ತನ್ನ ಮಾರ್ಗಸೂಚಿಯನ್ನು ಹೊರಡಿಸಿದ್ದು 2022ರಲ್ಲಿ. ಹೇಳಿದಂತೆ ದಿನವೂ ತಪ್ಪದೆ ನುಂಗಿದರೆ ಲೈಂಗಿಕ ಸಂಪರ್ಕದಿಂದ ಎಚ್.ಐ.ವಿ. ಬರುವ ಅಪಾಯವನ್ನು ಇದು ನೂರಕ್ಕೆ 99ರಷ್ಟು ತಗ್ಗಿಸುತ್ತದೆ.

ಸೂಜಿ ಚುಚ್ಚಿದ ಮೇಲೆ ಕೊಡುವುದಕ್ಕೆ 'ಪೆಪ್' ಎಂದು ಹೆಸರು. ಇದನ್ನು ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ, ಎರಡು ಗಂಟೆಗಳೊಳಗೆ ಆದರೆ ಬಹಳ ಒಳ್ಳೆಯದು, 72 ಗಂಟೆಗಳು ಮೀರದಂತೆ ಆರಂಭಿಸಬೇಕು. 28 ದಿನ ನುಂಗಬೇಕು. ಇದರಲ್ಲಿ ಮೂರು ಔಷಧಿಗಳಿವೆ. ಅವುಗಳಲ್ಲಿ ಒಂದು ಅದೇ ಟೆನೊಫೊವಿರ್. ಮುಂಚೆ ಕೊಡುವುದಕ್ಕೂ ಆಮೇಲೆ ಕೊಡುವುದಕ್ಕೂ ಮೂಲ ಒಂದೇ. ವ್ಯತ್ಯಾಸವಿರುವುದು ಗಡಿಯಾರದಲ್ಲಿ.

ಮದ್ದಿನ ಮಿತಿಗಳನ್ನೂ ಮುಚ್ಚಿಡುವುದಿಲ್ಲ. ಮೊದಲ ಕೆಲವು ದಿನ ಕೆಲವರಿಗೆ ಹೊಟ್ಟೆ ತೊಳೆಸುತ್ತದೆ. ಆರಂಭಿಸುವ ಮೊದಲು ಎಚ್.ಐ.ವಿ. ಇಲ್ಲವೆಂದು ರಕ್ತ ನೋಡಬೇಕು. ಮೂತ್ರಪಿಂಡದ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು. ಆಮೇಲೂ ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಳ್ಳಬೇಕು. ಸಿಫಿಲಿಸ್, ಗೊನೊರಿಯಾ ಮೊದಲಾದ ಕಾಯಿಲೆಗಳನ್ನು ಇದು ತಡೆಯದು. ಅದಕ್ಕೆ ನಿರೋಧ್ ಬೇಕೇ ಬೇಕು. ಇಷ್ಟೆಲ್ಲವನ್ನೂ ರೋಗಿಗೆ ಕೂರಿಸಿಕೊಂಡು ತಾಳ್ಮೆಯಿಂದ ಹೇಳಬೇಕಾದವರು ಯಾರು? ಎರಡು ನಿಮಿಷದಲ್ಲಿ ಚೀಟಿ ಬರೆದು ಮುಂದಿನವರನ್ನು ಕರೆಯುವ ಡಾಕ್ಟರಲ್ಲ, ದಾದಿ. ಅವಳ ಮುಖ ಗಂಟಿಕ್ಕಿದ್ದರೆ ಬಂದವನು ಮಾತ್ರೆಯನ್ನು ಕೇಳದೆಯೇ ಹಿಂದಿರುಗುತ್ತಾನೆ. ಅದಕ್ಕಾಗಿಯೇ ನರ್ಸಿಂಗ್ ಓದುವ ಹುಡುಗಿಯ ಮನಸ್ಸಿನಲ್ಲಿ ಏನಿದೆ ಎಂಬುದು ನಮಗೆ ಮುಖ್ಯವಾಗುತ್ತದೆ.

ತಪ್ಪಿನ ಲೆಕ್ಕ ಇಡುವವರು

'ತಪ್ಪಿಗೆ ಲೈಸೆನ್ಸ್' ಎಂಬ ಮಾತನ್ನು ಆ ಹುಡುಗಿ ತಾನಾಗಿ ಕಟ್ಟಿದ್ದಲ್ಲ. ಅವಳಿಗೆ ಅದನ್ನು ಕಲಿಸಿದವರಿದ್ದಾರೆ.

ಬೆಂಗಳೂರು ಮತ್ತು ಮುಂಬೈ ನಗರಗಳ ಆಸ್ಪತ್ರೆಗಳಲ್ಲಿ 305 ಡಾಕ್ಟರುಗಳು, 369 ನರ್ಸುಗಳು, 346 ವಾರ್ಡ್ ನೌಕರರನ್ನು ಪ್ರಶ್ನಿಸಿ ಮಾಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಲೈಂಗಿಕ ಸಂಪರ್ಕದಿಂದಲೋ ಮಾದಕ ವಸ್ತುವಿನಿಂದಲೋ ಎಚ್.ಐ.ವಿ. ತಗುಲಿಸಿಕೊಂಡವರಿಗೆ 'ಆಗಬೇಕಾದದ್ದೇ ಆಯಿತು' ಎಂದವರು, ಒಂದೊಂದು ವರ್ಗದಲ್ಲಿ ನೂರಕ್ಕೆ 50ರಿಂದ 83ರವರೆಗೆ ಇದ್ದರು. ರಕ್ತ ಮುಟ್ಟುವ ಸಂಭವವೇ ಇಲ್ಲದಷ್ಟು ಸಾಮಾನ್ಯ ಕೆಲಸಗಳಲ್ಲಿ ಕೂಡ ಎಚ್.ಐ.ವಿ. ಇರುವವರನ್ನು ಬೇರೆ ರೀತಿಯಲ್ಲಿ ನಡೆಸಿಕೊಳ್ಳುತ್ತೇವೆಂದು ಹೇಳಿದವರೆಷ್ಟು? ವಾರ್ಡ್ ನೌಕರರಲ್ಲಿ ನೂರಕ್ಕೆ 71, ನರ್ಸುಗಳಲ್ಲಿ 40, ಡಾಕ್ಟರುಗಳಲ್ಲಿ 57.

ಈ ಕಡೆಯ ಎರಡು ಅಂಕಿಗಳನ್ನು ಓದುಗರು ಮತ್ತೊಮ್ಮೆ ನೋಡಬೇಕು. ಹೆಚ್ಚು ಓದಿದವರು, ಹೆಚ್ಚು ಸಂಬಳದವರು, ರೋಗ ಹೇಗೆ ಹರಡುತ್ತದೆಂದು ಪುಸ್ತಕದಲ್ಲಿ ಕಲಿತು ಪರೀಕ್ಷೆ ಪಾಸಾದವರು ನರ್ಸುಗಳಿಗಿಂತ ಮುಂದಿದ್ದಾರೆ. ಅಂದ ಮೇಲೆ ಇದು ಬರಿಯ ಅಜ್ಞಾನದ ಫಲವಲ್ಲ. ಮೇಲಿನವರು ಕೆಳಗಿನವರ ನಡತೆಯನ್ನು ತೂಗುವ ಹಳೆಯ ತಕ್ಕಡಿ ಇದು. ಡಾಕ್ಟರು ವಾರ್ಡಿನಲ್ಲಿ ಹುಬ್ಬು ಗಂಟಿಕ್ಕಿದರೆ ಹಿಂದೆ ನಿಂತ ವಿದ್ಯಾರ್ಥಿನಿ ಆ ಹುಬ್ಬನ್ನೇ ಪಾಠವೆಂದು ಬರೆದುಕೊಳ್ಳುತ್ತಾಳೆ.

ಇದು ನಮ್ಮ ದೇಶದ ರೋಗ ಮಾತ್ರವೂ ಅಲ್ಲ. ಅಮೆರಿಕದಲ್ಲಿ 102 ಮಂದಿ ವೈದ್ಯ ವಿದ್ಯಾರ್ಥಿಗಳಿಗೆ ಇದೇ ಮಾತ್ರೆಯನ್ನು ಕೇಳಿಕೊಂಡು ಬಂದ ಒಬ್ಬ ರೋಗಿಯ ಕಥೆಯನ್ನು ಓದಲು ಕೊಟ್ಟರು. ಕಥೆ ಒಂದೇ, ಕೆಲವರ ಪ್ರತಿಯಲ್ಲಿ ರೋಗಿ ಬಿಳಿಯ, ಕೆಲವರ ಪ್ರತಿಯಲ್ಲಿ ಕರಿಯ. ಕರಿಯನಿಗೆ ಮಾತ್ರೆ ಕೊಟ್ಟರೆ ಅವನು ಇನ್ನಷ್ಟು ಎಚ್ಚರ ತಪ್ಪಿ ನಡೆಯುತ್ತಾನೆಂದು ವಿದ್ಯಾರ್ಥಿಗಳು ಹೆಚ್ಚಾಗಿ ಊಹಿಸಿದರು. ಹಾಗೆ ಊಹಿಸಿದವರ ಕೈ ಮದ್ದು ಬರೆಯಲು ಹಿಂಜರಿಯಿತು. 2014ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಲ್ಲಿ ಬಣ್ಣ ಮಾಡುವ ಕೆಲಸವನ್ನು ಇಲ್ಲಿ ಏನೇನು ಮಾಡುತ್ತದೆ ಎಂಬುದನ್ನು ಮಂಡ್ಯ ಜಿಲ್ಲೆಯ ಜನಕ್ಕೆ ನಾವು ಹೇಳಿಕೊಡಬೇಕಾಗಿಲ್ಲ. ಬಂದವರ ಕೇರಿ, ಉಟ್ಟ ಬಟ್ಟೆ, ಆಡುವ ಮಾತು, ಇವುಗಳ ಮೇಲೆಯೇ ಆಸ್ಪತ್ರೆಯ ಕಿಟಕಿಯಲ್ಲಿ ದನಿ ಏರುತ್ತದೆ, ಇಳಿಯುತ್ತದೆ.

ಬೇರೆಯವರನ್ನು ದೂರಿ ನಾವು ನುಣುಚಿಕೊಳ್ಳಬಾರದು. ಗಿರಣಿಯ ಬಾಗಿಲಲ್ಲಿ ಬೀಡಿ ಹಚ್ಚಿಕೊಂಡು ನಿಂತಾಗ, ಅಂಗಡಿಯ ಜಗಲಿಯ ಮೇಲೆ ಸಂಜೆ ಕುಳಿತಾಗ, 'ಅವನಿಗೆ ಆ ಕಾಯಿಲೆಯಂತೆ' ಎಂದು ಕಣ್ಣು ಮಿಟುಕಿಸಿದವರು ನಾವೇ ಅಲ್ಲವೇ? ಆ ಮನೆಯ ಹುಡುಗನ ಕೈಯಿಂದ ಚಹಾ ಲೋಟ ತೆಗೆದುಕೊಳ್ಳಲು ಹಿಂದೆಗೆದವರು ನಾವೇ ಅಲ್ಲವೇ? ನಮ್ಮ ಮಗಳು ನಮ್ಮ ಮನೆಯಲ್ಲಿ ಕೇಳಿದ ಮಾತನ್ನೇ ಬಿಳಿಯ ಕೋಟಿನ ಜೇಬಿನಲ್ಲಿಟ್ಟುಕೊಂಡು ವಾರ್ಡಿಗೆ ಹೋಗಿದ್ದಾಳೆ.

ಕ್ವಿನೈನು ಕೊಟ್ಟಾಗ ಯಾರೂ ಕೇಳಲಿಲ್ಲ

ಕಾಯಿಲೆ ಬರದವರಿಗೆ ಮದ್ದೇಕೆ ಎನ್ನುವವರಿಗೆ ನಮ್ಮ ಸೀಮೆಯ ಕಥೆಯನ್ನೇ ನೆನಪಿಸುತ್ತೇವೆ. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿಯಿತು. ಭತ್ತ ಬಂತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಬಂತು. ನಿಂತ ನೀರಿನ ಜೊತೆಗೆ ಸೊಳ್ಳೆಯೂ ಬಂತು, ಮಲೇರಿಯಾ ಜ್ವರವೂ ಬಂತು. ಮಲೇರಿಯಾದ ಕಾಲದಲ್ಲಿ ಕ್ವಿನೈನು ನುಂಗಿಸುವಾಗ, ಆಮೇಲೆ ಮನೆ ಮನೆಗೆ ಡಿ.ಡಿ.ಟಿ. ಹೊಡೆಯುವಾಗ, 'ನೀನು ರಾತ್ರಿ ಗದ್ದೆಗೆ ನೀರು ಕಟ್ಟಲು ಏಕೆ ಹೋದೆ? ಮೈ ತುಂಬ ಹೊದೆಯದೆ ಜಗಲಿಯ ಮೇಲೆ ಏಕೆ ಮಲಗಿದೆ? ಮದ್ದು ಕೊಟ್ಟರೆ ಇನ್ನೂ ಹೆಚ್ಚು ಮಲಗುತ್ತೀಯೆ' ಎಂದು ಯಾರಾದರೂ ರೈತನಿಗೆ ಹೇಳಿದರೇ? ಪೋಲಿಯೋ ಹನಿ ಹಾಕುವಾಗ ಆರೋಗ್ಯವಾಗಿರುವ ಮಗುವಿಗೆ ಇದೇಕೆ ಎಂದರೇ? ಬರುವ ಮುಂಚೆ ತಡೆಯುವುದೇ ವೈದ್ಯದ ದೊಡ್ಡ ಸಾಧನೆಯೆಂದು ಎಲ್ಲರೂ ಒಪ್ಪಿದ್ದಾರೆ. ಎಚ್.ಐ.ವಿ.ಯ ವಿಷಯ ಬಂದಾಗ ಮಾತ್ರ ವೈದ್ಯ ಬದಿಗೆ ಸರಿದು ಪುರೋಹಿತ ಮುಂದೆ ಬರುತ್ತಾನೆ.

ಗಿರಣಿಯ ಕೆಲಸಗಾರರಿಗೆ ನಾವು ಇನ್ನೊಂದು ಉದಾಹರಣೆ ಕೊಡುತ್ತೇವೆ. ಓಡುವ ಬೆಲ್ಟಿಗೆ ಕಬ್ಬಿಣದ ಜಾಲರಿ ಹಾಕಿಸಿ ಎಂದು ಕೇಳಿದಾಗ ಧಣಿಗಳು ಏನೆಂದರು? 'ಜಾಲರಿ ಹಾಕಿದರೆ ಕೂಲಿಯವರು ಎಚ್ಚರ ತಪ್ಪುತ್ತಾರೆ. ಕೈ ಹೋದರೆ ಅದು ಅವರ ಅಜಾಗರೂಕತೆ' ಎಂದರು. ಈ ಮಾತು ನಮಗೆ ಬಾಯಿಪಾಠವಾಗಿದೆ. ಕೈ ಕಳೆದುಕೊಂಡವನ ತಪ್ಪನ್ನು ಹುಡುಕುವವನು ಜಾಲರಿಯ ಖರ್ಚನ್ನು ಉಳಿಸಿಕೊಳ್ಳುವವನೇ ಆಗಿರುತ್ತಾನೆ. 'ತಪ್ಪಿಗೆ ಲೈಸೆನ್ಸ್' ಎಂಬುದೂ ಅದೇ ವಂಶದ ಮಾತು. ವ್ಯಾಪಾರಿ ಬಂಧುಗಳು ರಾತ್ರಿ ಅಂಗಡಿಗೆ ಬೀಗ ಹಾಕುತ್ತಾರೆ. ಅದರಿಂದ ಊರಿನಲ್ಲಿ ಕಳ್ಳತನಕ್ಕೆ ಪ್ರೋತ್ಸಾಹ ಕೊಟ್ಟಂತಾಯಿತೆಂದು ಯಾರೂ ಹೇಳುವುದಿಲ್ಲ.

ಇನ್ನೂ ಒಂದು ಮಾತು. ಈ ಮಾತ್ರೆ ಯಾರಿಗೆ ಬೇಕು ಎಂದು ಕೇಳಿದೊಡನೆ ಕೆಲವರ ಕಣ್ಣ ಮುಂದೆ ಒಂದೇ ಬಗೆಯ ಹೆಂಗಸಿನ ಚಿತ್ರ ಬರುತ್ತದೆ. ಗಂಡನಿಗೆ ಸೋಂಕಿದೆ, ಇನ್ನೂ ಚಿಕಿತ್ಸೆಗೆ ಸರಿಯಾಗಿ ಹೋಗುತ್ತಿಲ್ಲ, ಹೆಂಡತಿಗೆ ಸೋಂಕಿಲ್ಲ. ಅವಳಿಗೆ ಈ ಮಾತ್ರೆ ಬೇಡವೇ? ಗಂಡ ತಪ್ಪದೆ ಮದ್ದು ತೆಗೆದುಕೊಂಡು ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾದರೆ ಸಂಪರ್ಕದಿಂದ ಅವಳಿಗೆ ಹರಡುವುದಿಲ್ಲ. ಇದು ಸಿದ್ಧವಾದ ವಿಷಯ. ಆದರೆ ಅಲ್ಲಿಯ ತನಕ ಅವಳನ್ನು ಕಾಯುವವರು ಯಾರು? ಗಂಡ ನಿರೋಧ್ ಬಳಸದಿದ್ದರೆ ಅವಳು ಬಾಯಿ ತೆರೆದು ಕೇಳಬಲ್ಲಳೇ? ಈ ಮಾತ್ರೆಗೆ ಗಂಡನ ಅಪ್ಪಣೆ ಬೇಡ. ನೀರಿನೊಡನೆ ನುಂಗಿದರೆ ಆಯಿತು. ಹೆಣ್ಣಿನ ಕೈಗೆ ಬಂದ ಕೆಲವೇ ಆಯುಧಗಳಲ್ಲಿ ಇದೊಂದು. ಅದನ್ನು ಇನ್ನೊಬ್ಬ ಹೆಣ್ಣು, ಬಿಳಿಯ ಕೋಟು ತೊಟ್ಟು, ಕಸಿದುಕೊಳ್ಳುವಂತಾಗಬಾರದು.

ಮೈಸೂರಿನ ಹೆಂಗಸರು

ಮಾತ್ರೆ ಕೊಟ್ಟರೆ ಜನ ಸರಿಯಾಗಿ ನುಂಗುವುದಿಲ್ಲ, ಬಡವರಿಗೆ ಶಿಸ್ತಿಲ್ಲ ಎಂದು ದೊಡ್ಡವರು ಹೇಳುವುದುಂಟು. ಉತ್ತರ ಹುಡುಕಲು ನಾವು ಸಮುದ್ರ ದಾಟಬೇಕಾಗಿಲ್ಲ. ಮದ್ದೂರಿನಿಂದ ಮೈಸೂರಿಗೆ ರೈಲು ಹತ್ತಿದರೆ ಸಾಕು.

ಮೈಸೂರಿನಲ್ಲಿ 'ಆಶೋದಯ ಸಮಿತಿ' ಎಂಬ ಸಂಘಟನೆ ಇದೆ. ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರೇ ನಡೆಸುವ ಸಂಘಟನೆ. ಅವರ ಕೆಲಸ 2004ರಿಂದ ನಡೆದುಕೊಂಡು ಬಂದಿದೆ. ಭಾರತದಲ್ಲಿ ಈ ಮಾತ್ರೆಯನ್ನು ಮೊದಮೊದಲು ಪ್ರಯೋಗವಾಗಿ ಕೊಟ್ಟು ನೋಡಿದ ಎರಡು ಸ್ಥಳಗಳು ಕಲ್ಕತ್ತ ಮತ್ತು ನಮ್ಮ ಮೈಸೂರು. ಈ ಹೆಂಗಸರು ಮಾತ್ರೆಯನ್ನು ಕಣ್ಣು ಮುಚ್ಚಿ ನುಂಗಲಿಲ್ಲ. ಮೊದಲು ತಮ್ಮೊಳಗೆ ಕುಳಿತು ಚರ್ಚಿಸಿದರು. ಆಮೇಲೆ ಆರು ನೂರಕ್ಕೂ ಹೆಚ್ಚು ಹೆಂಗಸರು ಹೆಸರು ಕೊಟ್ಟರು. ಒಬ್ಬರನ್ನೊಬ್ಬರು ನೆನಪಿಸುತ್ತ, ಪರೀಕ್ಷೆಗೆ ಕರೆದೊಯ್ಯುತ್ತ, ಒಂದು ವರ್ಷಕ್ಕೂ ಮೇಲ್ಪಟ್ಟು ನಡೆಸಿದರು. ನಡುವೆ ಬಿಟ್ಟವರು ಬೆರಳೆಣಿಕೆಯಷ್ಟು. ಆ ಅವಧಿಯಲ್ಲಿ ಅವರಲ್ಲಿ ಒಬ್ಬರಿಗೂ ಹೊಸದಾಗಿ ಎಚ್.ಐ.ವಿ. ತಗುಲಲಿಲ್ಲ. ಈ ವರದಿ 2020ರಲ್ಲಿ ಪ್ರಕಟವಾಗಿದೆ.

ಶಿಸ್ತು ಇಲ್ಲದವರು ಯಾರು? ಈ ಹೆಂಗಸರೋ, ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹಬ್ಬದ ದಿನ ಬಿಟ್ಟು ಒಬ್ಬಟ್ಟು ತಿನ್ನುವ ನಮ್ಮ ದೊಡ್ಡ ಮನುಷ್ಯರೋ?

ಸೂಜಿ ಚುಚ್ಚಿಕೊಂಡ ನಮ್ಮ ಹುಡುಗಿ ಏನೆಂದಳು? 'ನಾನೇನ್ ತಪ್ಪು ಮಾಡ್ದೆ? ಕೆಲಸ ಮಾಡ್ತಿದ್ದೆ.' ಮೈಸೂರಿನ ಆ ಹೆಂಗಸರೂ ಇದೇ ಮಾತನ್ನು ಹೇಳಬಹುದು. ಆ ಕೆಲಸಕ್ಕೆ ಅವರನ್ನು ದೂಡಿದ ಸಮಾಜ ಅದನ್ನು ಕೆಲಸವೆಂದು ಒಪ್ಪದಿರಬಹುದು. ವೈರಸ್ಸು ಸಮಾಜದ ಒಪ್ಪಿಗೆಗೆ ಕಾಯುವುದಿಲ್ಲ. ಹೊಟ್ಟೆಪಾಡಿನ ದಾರಿಯಲ್ಲಿ ಅಪಾಯಕ್ಕೆ ಸಿಕ್ಕಿದ ಇಬ್ಬರು ಹೆಂಗಸರಲ್ಲಿ ಒಬ್ಬಳಿಗೆ ಮದ್ದು, ಇನ್ನೊಬ್ಬಳಿಗೆ ಬುದ್ಧಿವಾದ. ಇದು ಯಾವ ವೈದ್ಯಶಾಸ್ತ್ರದಲ್ಲಿ ಬರೆದಿದೆ?

ಬೆಲೆ ಎಂಬ ಗೋಡೆ

ದಾದಿಯ ಮನಸ್ಸು ಬದಲಾದರೂ ಮಾತ್ರೆ ತಾನಾಗಿ ಬಡವನ ಅಂಗೈಗೆ ಬರುವುದಿಲ್ಲ. ಸೋಂಕು ಬಂದವರಿಗೆ ಸರ್ಕಾರ 2004ರಿಂದ ಉಚಿತವಾಗಿ ಮದ್ದು ಕೊಡುತ್ತಿದೆ. ಅದು ಒಳ್ಳೆಯ ಕೆಲಸ. ಹೋರಾಟದಿಂದ ಬಂದ ಕೆಲಸ. ಬರದಂತೆ ತಡೆಯುವ ಮಾತ್ರೆಗೆ ಮಾತ್ರ ಔಷಧಿ ಅಂಗಡಿಯ ಮುಂದೆ ನಿಂತು ಜೇಬು ತಡವಬೇಕಾದರೆ, ಮೂಟೆ ಹೊರುವವನು ತಿಂಗಳು ತಿಂಗಳೂ ಎಲ್ಲಿಂದ ತಂದಾನು?

'ರೋಗಿಗಳಿಗೇ ಹಣ ಸಾಲದು, ಆರೋಗ್ಯವಂತರಿಗೆ ಎಲ್ಲಿಂದ ತರುವುದು' ಎಂಬ ಆಕ್ಷೇಪಣೆ ಪ್ರಾಮಾಣಿಕವಾಗಿಯೂ ಬರುತ್ತದೆ. ಅದಕ್ಕೆ ಲೆಕ್ಕದಿಂದಲೇ ಉತ್ತರ ಕೊಡುತ್ತೇವೆ. ಸರ್ಕಾರದ್ದೇ ಅಂದಾಜಿನಂತೆ 2023ರಲ್ಲಿ ದೇಶದಲ್ಲಿ ಎಚ್.ಐ.ವಿ.ಯೊಡನೆ ಬದುಕುತ್ತಿದ್ದವರು ಸುಮಾರು 25 ಲಕ್ಷ. ಕರ್ನಾಟಕದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು. ಅದೊಂದೇ ವರ್ಷ ದೇಶದಲ್ಲಿ ಹೊಸದಾಗಿ ಸೋಂಕು ತಗುಲಿದವರು ಸುಮಾರು 68 ಸಾವಿರ. ಇವರಲ್ಲಿ ಒಬ್ಬೊಬ್ಬರಿಗೂ ಬದುಕಿರುವ ತನಕ ದಿನವೂ ಮದ್ದು ಬೇಕು. ತಡೆಯುವ ಮಾತ್ರೆಯಾದರೋ ಅಪಾಯ ಇರುವಷ್ಟು ಕಾಲ ಸಾಕು. ಅಪಾಯ ಕಳೆದ ಮೇಲೆ ವೈದ್ಯರನ್ನು ಕೇಳಿ ನಿಲ್ಲಿಸಬಹುದು. ಕೆರೆಯ ಏರಿ ಬಿರುಕು ಬಿಟ್ಟಾಗ ಒಂದು ಗಾಡಿ ಮಣ್ಣು ಹಾಕದವನು, ಒಡೆದ ಮೇಲೆ ನೂರು ಗಾಡಿ ಹೊಡೆಸಬೇಕಾಗುತ್ತದೆ.

ಬೆಲೆ ದೇವರು ಬರೆದದ್ದಲ್ಲ. 2001ರ ಆರಂಭದಲ್ಲಿ ಪಾಶ್ಚಾತ್ಯ ಕಂಪನಿಗಳು ಏಡ್ಸ್ ಮದ್ದಿಗೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಕೇಳುತ್ತಿದ್ದವು. ಆಗ ಮುಂಬೈಯ ಸಿಪ್ಲಾ ಕಂಪನಿ ಅದೇ ಮದ್ದನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆಂದು ಮುಂದೆ ಬಂತು. ಅದು ಸಾಧ್ಯವಾದದ್ದು ಹೇಗೆ? 1970ರ ನಮ್ಮ ಪೇಟೆಂಟ್ ಕಾಯಿದೆ ಔಷಧಿಯ ಮೇಲೆ ಒಬ್ಬನ ಏಕಸ್ವಾಮ್ಯವನ್ನು ಒಪ್ಪದೆ, ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿತ್ತು. 2005ರಲ್ಲಿ ವಿಶ್ವ ವ್ಯಾಪಾರದ ಒಪ್ಪಂದಕ್ಕೆ ತಲೆ ಬಾಗಿ ಆ ಕಾಯಿದೆಯನ್ನು ತಿದ್ದಲಾಯಿತು.

ಈಗ ಹೊಸ ಮದ್ದು ಬಂದಿದೆ. ಲೆನಕಪವಿರ್ ಎಂದು ಹೆಸರು. ದಿನವೂ ಮಾತ್ರೆ ಬೇಡ. ವರ್ಷಕ್ಕೆ ಎರಡು ಬಾರಿ ಚುಚ್ಚುಮದ್ದು ಹಾಕಿಸಿಕೊಂಡರೆ ಸಾಕು. ದಕ್ಷಿಣ ಆಫ್ರಿಕ ಮತ್ತು ಉಗಾಂಡದಲ್ಲಿ ಈ ಚುಚ್ಚುಮದ್ದು ಪಡೆದ 2,134 ಯುವತಿಯರಲ್ಲಿ ಒಬ್ಬಳಿಗೂ ಸೋಂಕು ತಗುಲಲಿಲ್ಲವೆಂದು 2024ರಲ್ಲಿ ವರದಿಯಾಯಿತು. 2025ರ ಜೂನಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತಾಗ ಗಿಲಿಯಡ್ ಕಂಪನಿ ಅಲ್ಲಿ ಇಟ್ಟ ಬೆಲೆ ವರ್ಷಕ್ಕೆ 28 ಸಾವಿರ ಡಾಲರಿಗೂ ಮಿಗಿಲು. ನಮ್ಮ ಲೆಕ್ಕದಲ್ಲಿ 20 ಲಕ್ಷ ರೂಪಾಯಿ ದಾಟುತ್ತದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಹೈದರಾಬಾದಿನ ಎರಡು ಕಂಪನಿಗಳಾದ ಡಾ. ರೆಡ್ಡೀಸ್ ಮತ್ತು ಹೆಟೆರೊ ಇದನ್ನು 2027ರಿಂದ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಒದಗಿಸುವ ಏರ್ಪಾಡು ಪ್ರಕಟವಾಯಿತು. ಒಂದು ಕಡೆ 28 ಸಾವಿರ, ಇನ್ನೊಂದು ಕಡೆ 40. ಚಿಲ್ಲರೆ ವ್ಯಾಪಾರಿ ಅಕ್ಕಿಯ ಮೇಲೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಇಟ್ಟರೆ ಕಾಳದಂಧೆಯವನೆಂದು ಇನ್ಸ್‌ಪೆಕ್ಟರು ಬರುತ್ತಾನೆ. ಏಳು ನೂರು ಪಟ್ಟು ಇಡುವವರಿಗೆ ಜಗತ್ತು ಸಂಶೋಧಕರೆಂದು ಶಾಲು ಹೊದಿಸುತ್ತದೆ!

ಬರಿಗೈಯ ದಾದಿ

ಆ ಹುಡುಗಿಯ ಕಡೆಗೆ ಮತ್ತೆ ಬರೋಣ. ಅವಳ ಅಭಿಪ್ರಾಯ ತಪ್ಪೆಂದು ನಾವು ಹೇಳಿದೆವು. ಆದರೆ ಅವಳನ್ನು ಆ ಸ್ಥಿತಿಯಲ್ಲಿ ಇಟ್ಟಿರುವವರ ತಪ್ಪು ಅದಕ್ಕಿಂತ ದೊಡ್ಡದು.

ಕಾಲೇಜಿಗೆ ಫೀಸು ಕಟ್ಟುವವಳು ಅವಳು. ವಾರ್ಡಿನಲ್ಲಿ ಸಂಬಳವಿಲ್ಲದೆ ದುಡಿಯುವವಳೂ ಅವಳೇ. ಪಾಳಿಯ ನರ್ಸು ಇಲ್ಲದ ಕಡೆ ಅವಳು ನರ್ಸು. ತಪ್ಪು ನಡೆದ ಕಡೆ ಅವಳು ವಿದ್ಯಾರ್ಥಿನಿ. ಕೈಗವಸು ಎಣಿಸಿ ಕೊಡುತ್ತಾರೆ. ಬಳಸಿದ ಸೂಜಿ ಹಾಕುವ ಡಬ್ಬ ತುಂಬಿ ತುಳುಕುತ್ತಿರುತ್ತದೆ. ಹೀಗೆ ನಿಂತವಳಿಗೆ ರೋಗಿಯೇ ಶತ್ರುವಾಗಿ ಕಾಣುತ್ತಾನೆ. ಭಯ ಎಲ್ಲಿದೆಯೋ ಅಲ್ಲಿ ತಿರಸ್ಕಾರ ಬೆಳೆಯುತ್ತದೆ.

ಭಯಕ್ಕೆ ಅಳತೆಯೂ ಇದೆ, ಅದನ್ನು ಅವಳಿಗೆ ಹೇಳಿಕೊಡಬೇಕು. ಎಚ್.ಐ.ವಿ. ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗುಲುವ ಸಂಭವ ಸಾವಿರಕ್ಕೆ ಸುಮಾರು ಮೂರು. ಅದೂ ಮದ್ದು ತೆಗೆದುಕೊಳ್ಳದಿದ್ದರೆ. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಆ ಸಂಭವ ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ. ಎಚ್.ಐ.ವಿ. ರೋಗಿಯ ಹಾಸಿಗೆಯಿಂದ ಮಾರು ದೂರ ನಿಲ್ಲುವವಳು ಹೆಪಟೈಟಿಸ್ ಲಸಿಕೆಯ ಮೂರು ಸೂಜಿ ಹಾಕಿಸಿಕೊಂಡಿದ್ದಾಳೆಯೇ ಎಂದು ಯಾರು ನೋಡಿದ್ದಾರೆ?

ಕಾಯಿದೆ ಇಲ್ಲವೆಂದೇನಿಲ್ಲ. 2017ರ ಎಚ್.ಐ.ವಿ. ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರಂತೆ ಆಸ್ಪತ್ರೆಯಲ್ಲಿ ಎಚ್.ಐ.ವಿ. ಇರುವವರಿಗೆ ಭೇದ ಮಾಡುವುದು ನಿಷಿದ್ಧ. ಅದೇ ಕಾಯಿದೆಯ 19ನೆಯ ಪ್ರಕರಣವು, ಆರೋಗ್ಯ ಸಂಸ್ಥೆಗಳಲ್ಲಿ ಅಪಾಯಕ್ಕೆ ಸಿಕ್ಕಬಹುದಾದ ಕೆಲಸಗಾರರೆಲ್ಲರಿಗೂ ರಕ್ಷಣಾ ಸಾಮಗ್ರಿ, ಅದರ ಬಳಕೆಯ ತರಬೇತಿ ಮತ್ತು ಸೂಜಿ ಚುಚ್ಚಿದರೆ ಕೊಡುವ ಮದ್ದು ಒದಗಿಸಬೇಕೆಂದು ವಿಧಿಸುತ್ತದೆ. ರೋಗಿಯ ಹಕ್ಕೂ ದಾದಿಯ ಹಕ್ಕೂ ಒಂದೇ ಪುಸ್ತಕದಲ್ಲಿ ಹೊಲಿಯಲ್ಪಟ್ಟಿವೆ. ವಿದ್ಯಾರ್ಥಿನಿ ಕೆಲಸಗಾರಳಲ್ಲವೆಂದು ಯಾರಾದರೂ ವಾದಿಸಿದರೆ ನಾವು ಕೇಳುತ್ತೇವೆ: ರಾತ್ರಿ ಪಾಳಿಯಲ್ಲಿ ಹತ್ತು ಹಾಸಿಗೆ ನೋಡಿಕೊಳ್ಳುವುದು ಕೆಲಸವಲ್ಲದಿದ್ದರೆ ಮತ್ತೇನು, ವಿಹಾರವೇ?

ನಮ್ಮ ಬೇಡಿಕೆ

ಆದ್ದರಿಂದ ನಾವು ಸ್ಪಷ್ಟವಾಗಿ ಕೇಳುತ್ತೇವೆ.

ಒಂದು: ಎಚ್.ಐ.ವಿ. ತಡೆಯುವ ಮಾತ್ರೆಯು ಮದ್ದೂರು, ಮಳವಳ್ಳಿಯಂಥ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ, ಬೇಕಾದ ರಕ್ತಪರೀಕ್ಷೆಗಳೊಡನೆ, ಕಾಸಿಲ್ಲದೆ ದೊರೆಯಬೇಕು. ಕೇಳಿ ಬಂದವರ ಜಾತಿ, ಕಸುಬು, ಮದುವೆಯ ಪ್ರಶ್ನೆ ಎತ್ತಿ ಅವಮಾನಿಸಕೂಡದು. ಅಪಾಯ ತಿಳಿಯಲು ಕೇಳಬೇಕಾದದ್ದನ್ನು ಬಾಗಿಲು ಮುಚ್ಚಿ ಮೆಲುದನಿಯಲ್ಲಿ ಕೇಳಬೇಕು.

ಎರಡು: ನರ್ಸಿಂಗ್ ವಿದ್ಯಾರ್ಥಿಗಳಿಗೆ ಈ ಮಾತ್ರೆಯ ವಿಚಾರವನ್ನು ಪರೀಕ್ಷೆಗೆ ಬರುವ ಪಾಠವಾಗಿ ಕಲಿಸಬೇಕು. ಎಚ್.ಐ.ವಿ.ಯೊಡನೆ ಬದುಕುತ್ತಿರುವವರನ್ನು ಗುರುಗಳ ಸ್ಥಾನದಲ್ಲಿ ಕೂರಿಸಿ ಅವರಿಂದಲೇ ಪಾಠ ಹೇಳಿಸಬೇಕು.

ಮೂರು: ವಾರ್ಡಿಗೆ ಕಾಲಿಡುವ ಮುಂಚೆ ಪ್ರತಿ ವಿದ್ಯಾರ್ಥಿನಿಗೂ ಹೆಪಟೈಟಿಸ್ ಲಸಿಕೆ, ಕೈಗವಸು, ಸೂಜಿ ಚುಚ್ಚಿದರೆ ಹಗಲಾಗಲಿ ರಾತ್ರಿಯಾಗಲಿ ಎರಡು ಗಂಟೆಗಳೊಳಗೆ ಮದ್ದು. ಚುಚ್ಚಿತೆಂದು ಹೇಳಿದವಳನ್ನು ಬೈದವರ ಮೇಲೆ ಕ್ರಮ.

ವಿದ್ಯಾರ್ಥಿನಿಯರಿಗೆ ನಮ್ಮ ಮಾತು ಇಷ್ಟು. ತಂಗಿಯರೇ, ನಿಮ್ಮ ಮುಂದೆ ಕೈ ಚಾಚಿ ನಿಲ್ಲುವವನು ತೀರ್ಪು ಕೇಳಲು ಬಂದವನಲ್ಲ. ಕಾಯಿಲೆ ಬೇಡವೆಂದು, ಬದುಕಬೇಕೆಂದು, ನಾಚಿಕೆ ನುಂಗಿಕೊಂಡು ಬಂದವನು. ಎಚ್ಚರ ತಪ್ಪಿದವನು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾನೆಯೇ? ಹತ್ತಿ ಬಂದವನೇ ಎಚ್ಚರವುಳ್ಳವನು. ನಿಮ್ಮ ಹೆಬ್ಬೆರಳಿಗೆ ಸೂಜಿ ಚುಚ್ಚಿದ ರಾತ್ರಿ ನಿಮಗೆ ಬೇಕಾಗಿದ್ದ ದನಿ ಯಾವುದೋ, ಆ ದನಿಯಲ್ಲಿ ಅವನೊಡನೆ ಮಾತನಾಡಿ.

ಗಿರಣಿಯ ಬಂಧುಗಳೇ, ವ್ಯಾಪಾರಿ ಮಿತ್ರರೇ, ನಿಮಗೂ ಒಂದು ಮಾತು. ಈ ಮಾತ್ರೆ ದೂರದವರಿಗೆಂದು ತಿಳಿಯಬೇಡಿ. ಸಂದೇಹವಿದ್ದರೆ 1097 ಎಂಬ ಉಚಿತ ದೂರವಾಣಿ ಸಂಖ್ಯೆಗೆ ಕೇಳಿ ತಿಳಿಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಉಚಿತ. ಮುಂದಿನ ಸಲ ಜಗಲಿಯ ಮೇಲೆ ಯಾರಾದರೂ 'ಆ ಕಾಯಿಲೆ' ಎಂದು ಕಣ್ಣು ಮಿಟುಕಿಸಿದರೆ ನಗಬೇಡಿ. ಆ ನಗೆಯನ್ನು ನಿಮ್ಮ ಮಗಳು ಒಳಗಿನಿಂದ ಕೇಳುತ್ತಿರುತ್ತಾಳೆ. ನಾಳೆ ವಾರ್ಡಿನಲ್ಲಿ ಅದನ್ನೇ ನಗುತ್ತಾಳೆ.

ಮದ್ದು ಒಂದೇ. ನ್ಯಾಯವೂ ಒಂದೇ ಆಗುವ ತನಕ ನಾವು ಕೇಳುತ್ತಲೇ ಇರುತ್ತೇವೆ.